ಸಹಾಯ ಬೇಕು: ಶ್ರೀನಗರದಿಂದ ಕನ್ಯಾಕುಮಾರಿಗೆ ಸೈಕಲ್ ಯಾತ್ರೆ

ಎಲ್ರಿಗೂ ನಮಸ್ಕಾರ. ನಾವು ತುಮಕೂರು ಕಡೆಯ ಒಂಬತ್ತು ಜನ, ಅಕ್ಟೋಬರ್ ಕೊನೆ ವಾರ ಶ್ರೀನಗರದಿಂದ ಹೊರಟು ಎನ್‌ಎಚ್ 44 ಹಿಡಿದು ಕನ್ಯಾಕುಮಾರಿವರೆಗೆ ಸೈಕಲ್ ತುಳೀತಿದೀವಿ, ಹತ್ರತ್ರ 3,700 ಕಿಮೀ, ದಿನಕ್ಕೆ 110 ಲೆಕ್ಕ ಹಾಕಿದೀವಿ. ಸೇರೋ ದುಡ್ಡೆಲ್ಲಾ ನಮ್ಮೂರ ಹೈಸ್ಕೂಲ್ ಹೆಣ್ಮಕ್ಕಳಿಗೆ ಸೈಕಲ್ ಕೊಡ್ಸಕ್ಕೆ. ಒಂದು ಹುಡುಗಿ ಚಪ್ಪಲಿ ಕಿತ್ತೋಗಿದ್ರೂ ಪಿನ್ ಹಾಕ್ಕೊಂಡು ದಿನಾ ಐದು ಕಿಮೀ ನಡ್ಕೊಂಡು ಬರ್ತಾಳೆ, ಅದನ್ನ ನೋಡಿದ್ಮೇಲೆ ಸುಮ್ನೆ ಕೂರಕ್ಕಾಗ್ಲಿಲ್ಲ.

ಮೊದ್ಲು ಸೈಕಲ್ ಸಾಗಿಸೋ ವಿಷ್ಯ. ಹೋದ್ಸಲ ಟ್ರೈನ್ ಪಾರ್ಸೆಲ್‌ನಲ್ಲಿ ಹಾಕಿದಾಗ ನನ್ ಸೈಕಲ್ಲಿನ ಹಿಂದಿನ ಗೇರ್ ಹ್ಯಾಂಗರ್ (ಗೇರನ್ನ ಫ್ರೇಮಿಗೆ ಹಿಡಿದಿಡೋ ಸಣ್ಣ ತುಂಡು) ಬಗ್ಗೋಗಿ ಚೈನು ಸ್ಪೋಕ್‌ಗೆ ಉಜ್ತಿತ್ತು, ಇಳಿದ ಊರಲ್ಲಿ ಒಂದಿನ ಪೂರ್ತಿ ಹಾಳು. ಜಮ್ಮುವರೆಗೆ ಸೇಫಾಗಿ ಕಳ್ಸಿದೋರು ಪ್ಯಾಕಿಂಗ್ ಹೆಂಗ್ ಮಾಡಿದ್ರಿ ಹೇಳಿ. ಶ್ರೀನಗರ-ಜಮ್ಮು ಹಾದಿಯ ಬನಿಹಾಲ್, ಚೆನಾನಿ ಸುರಂಗಗಳಲ್ಲಿ ಸೈಕಲ್ ಬಿಡ್ತಾರಾ, ಇಲ್ಲ ಗಾಡಿಗೆ ಹಾಕ್ಕೊಂಡು ದಾಟ್ಬೇಕಾ?

ಮಧ್ಯಪ್ರದೇಶದ ಸಿವನಿಯಿಂದ ನಾಗಪುರದ ಕಡೆ ಹುಲಿ ಇರೋ ಪೆಂಚ್ ಕಾಡಿನ ಹಾದಿ, ಅಲ್ಲಿ ಕತ್ತಲಾದ್ಮೇಲೆ ತುಳಿಯೋ ಮಾತೇ ಇಲ್ಲ, ಹಾಗಾಗಿ ಸಿವನಿಯಲ್ಲೇ ಉಳೀಬೇಕು. ಅಲ್ಲಿ, ಆಮೇಲೆ ಝಾನ್ಸಿ, ಆದಿಲಾಬಾದ್‌ನಲ್ಲಿ ಒಂದೊಂದು ರಾತ್ರಿಗೆ ಛತ್ರ, ಗುರುದ್ವಾರ, ಶಾಲೆ ಏನಾದ್ರೂ ಸಿಗುತ್ತಾ? ಚಾಪೆ ನಮ್ಮತ್ರ ಇದೆ, ನೀರು, ಬಚ್ಚಲು ಇದ್ರೆ ಸಾಕು. ಆ ಕಡೆ ಇರೋ ಕನ್ನಡದವರು ಪರಿಚಯ ಮಾಡ್ಸಿದ್ರೆ ತುಂಬಾ ಉಪಕಾರ.

ಇನ್ನೊಂದು, ಲಾರಿ ಟೈರಿಂದ ಉದುರೋ ಸಣ್ಣ ತಂತಿ ಚುಚ್ಚಿ ಹೈವೇ ಅಂಚಲ್ಲಿ ಪಂಚರ್ ಮೇಲೆ ಪಂಚರ್ ಆಗುತ್ತೆ. ಟೈರ್ ಒಳಗೆ ಲೈನರ್ (ಟೈರಿಗೂ ಟ್ಯೂಬಿಗೂ ಮಧ್ಯೆ ಹಾಕೋ ಪಟ್ಟಿ) ಹಾಕಿ ದೂರ ಹೋದೋರು ಇದ್ರೆ ದಯವಿಟ್ಟು ಅನುಭವ ಹೇಳಿ, ಈ ವಾರದಲ್ಲೇ ತಗೋಬೇಕು.