ಡಿಎಸ್‌ಸಿಗೆ ಮರುಸೇರ್ಪಡೆ: ಅರ್ಜಿ ಕೊಟ್ಟು ಎಂಟು ತಿಂಗಳಾದರೂ ಉತ್ತರವಿಲ್ಲ, ಮುಂದೇನು ಮಾಡಬೇಕು?

ಪ್ರಶ್ನೆ: ಬದಿಯಡ್ಕದಿಂದ, ನಿವೃತ್ತ ನಾಯಕ್

ಹಿರಿಯ ಸೈನಿಕರೆಲ್ಲರಿಗೂ ನಮಸ್ಕಾರ.

ನಾನು ಭೂಸೇನೆಯಲ್ಲಿ 17 ವರ್ಷ ಸೇವೆ ಮುಗಿಸಿ ಊರಿಗೆ ಬಂದು ಹದಿನಾಲ್ಕು ತಿಂಗಳಾಯಿತು. ರಕ್ಷಣಾ ನೆಲೆಗಳ ಕಾವಲಿಗೆ ಮಾಜಿ ಸೈನಿಕರನ್ನು ಸೇರಿಸಿಕೊಳ್ಳುವ ಡಿಫೆನ್ಸ್ ಸೆಕ್ಯುರಿಟಿ ಕೋರ್‌ಗೆ (ಡಿಎಸ್‌ಸಿ) ಸೇರಿ ಮತ್ತೆ ಸಮವಸ್ತ್ರ ತೊಡಬೇಕೆಂದು, ಬಂದ ಆರನೆಯ ತಿಂಗಳಿನಲ್ಲಿಯೇ ನನ್ನ ಹಳೆಯ ದಳದ ದಾಖಲೆಗಳನ್ನು ನೋಡಿಕೊಳ್ಳುವ ಕಚೇರಿಗೆ ಅರ್ಜಿ ಕಳುಹಿಸಿದೆ. ಆ ಕಚೇರಿಯ ಹೆಸರನ್ನು ಇಲ್ಲಿ ಬರೆಯಲು ಇಷ್ಟವಿಲ್ಲ. ಅದರೊಂದಿಗೆ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಮತ್ತು ಆಧಾರ್‌ಗಳ ಪ್ರತಿಗಳನ್ನೂ ಇಟ್ಟಿದ್ದೆ. ಅಂದಿನಿಂದ ಇಂದಿನವರೆಗೆ ಒಂದು ಸಾಲಿನ ಉತ್ತರವೂ ಬಂದಿಲ್ಲ. ಮೊದಲ ಎರಡು ತಿಂಗಳು ದೂರವಾಣಿ ಎತ್ತಿ, ‘ಫೈಲು ಮೇಲೆ ಹೋಗಿದೆ, ಮುಂದಿನ ವಾರ ವಿಚಾರಿಸಿ’ ಎನ್ನುತ್ತಿದ್ದರು. ಈಗ ಗಂಟೆ ಬಾರಿಸಿ ನಿಲ್ಲುತ್ತದೆ. ಎರಡು ಇಮೇಲ್‌ಗಳಿಗೂ ಪ್ರತಿಕ್ರಿಯೆ ಇಲ್ಲ.

ಅನರ್ಹನೆಂದು ಬರೆದು ತಿಳಿಸಿದ್ದರೆ ಬೇರೆ ದಾರಿ ಹುಡುಕುತ್ತಿದ್ದೆ. ನಿವೃತ್ತನಾಗುವಾಗ ನನ್ನ ಮೆಡಿಕಲ್ ಕೆಟಗರಿ ಶೇಪ್ ಒನ್, ಅಂದರೆ ಪೂರ್ಣ ಆರೋಗ್ಯದ ದರ್ಜೆ ಇತ್ತು, ನಡತೆಯ ಕಲಂನಲ್ಲಿ ಶಿಕ್ಷೆಯನ್ನು ಸೂಚಿಸುವ ಕೆಂಪು ಶಾಯಿಯ ಗುರುತು ಒಂದೂ ಇಲ್ಲ. ಮನೆಯಲ್ಲಿ ಅಡಿಕೆ ತೋಟವಿದೆ, ಊಟಕ್ಕೆ ಕೊರತೆಯಿಲ್ಲ. ಆದರೆ ಕಳೆದ ಎರಡು ಮಳೆಗಾಲಗಳ ಕೊಳೆರೋಗದ ನಂತರ, ಇಬ್ಬರು ಮಕ್ಕಳ ಓದಿನ ಖರ್ಚಿಗೆ ತೋಟವೊಂದನ್ನೇ ನಂಬಲು ಧೈರ್ಯವಾಗುತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಮವಸ್ತ್ರದ ಕೆಲಸವೇ ನನಗೆ ಬರುವ ಕೆಲಸ. ಇನ್ನು ಏಳು ತಿಂಗಳಿಗೆ ನನಗೆ 40 ತುಂಬುತ್ತದೆ. ಕಾಯುತ್ತ ಕೂರುವುದೇ, ನೇರವಾಗಿ ಹೋಗಿ ನಿಲ್ಲುವುದೇ, ಅಥವಾ ಮೇಲಕ್ಕೆ ದೂರು ಬರೆಯುವುದೇ? ದೂರು ಕೊಟ್ಟರೆ ಫೈಲಿಗೆ ತೊಂದರೆಯಾದೀತೆಂಬ ಭಯವೂ ಇದೆ.

ಉತ್ತರ 1: ಮುಳ್ಳೇರಿಯದಿಂದ, ನಿವೃತ್ತ ಸುಬೇದಾರ್

ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಎಂಟು ತಿಂಗಳ ಮೌನವಲ್ಲ, ನಿಮ್ಮ ವಯಸ್ಸು. ಡಿಎಸ್‌ಸಿಯಲ್ಲಿ 55 ವರ್ಷದವರೆಗೆ ಸೇವೆ ಮಾಡಬಹುದು, ಎರಡನೆಯ ಪಿಂಚಣಿಗೆ 15 ವರ್ಷಗಳ ಸೇವೆ ಬೇಕು. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 40 ದಾಟಿದ ಮೇಲೆ ಸೇರಿದವನಿಗೆ 15 ತುಂಬುವ ಮೊದಲೇ 55 ತುಂಬುತ್ತದೆ. ಕೆಲವು ತಿಂಗಳ ಕೊರತೆಯನ್ನು ಮನ್ನಾ ಮಾಡಬೇಕೆಂದು ಎಷ್ಟೋ ಮಂದಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ್ದಾರೆ. ಅಂತಹ ವ್ಯಾಜ್ಯವನ್ನು ನೀವು ಈಗಲೇ ತಲೆಯ ಮೇಲೆ ಎಳೆದುಕೊಳ್ಳಬಾರದು. ಇದಲ್ಲದೆ, ಸೇರುವ ವಯಸ್ಸಿಗೂ ನಿವೃತ್ತಿಯಾದ ದಿನದಿಂದ ಕಳೆದ ಅವಧಿಗೂ ಪ್ರತ್ಯೇಕ ಮಿತಿಗಳಿವೆ. ಆದ್ದರಿಂದ ಕಾಯುವ ಮಾತು ಬೇಡ.

ದೂರವಾಣಿಯಲ್ಲಿ ನೀವು ನೂರು ಸಲ ಮಾತನಾಡಿದ್ದರೂ ಕಡತದಲ್ಲಿ ಅದರ ಕುರುಹು ಉಳಿಯುವುದಿಲ್ಲ. ಹಾಗಾಗಿ, ನಿಮ್ಮ ಸೈನಿಕ ಸಂಖ್ಯೆ, ನಿವೃತ್ತಿಯ ದಿನಾಂಕ, ಮೊದಲ ಅರ್ಜಿ ಕಳುಹಿಸಿದ ದಿನಾಂಕ ಮತ್ತು ಅಂಚೆ ರಸೀದಿಯ ಸಂಖ್ಯೆಗಳನ್ನು ನಮೂದಿಸಿ, ಒಂದು ಪುಟ ಮೀರದ ನೆನಪೋಲೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆದು, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಅದರ ಒಂದು ಪ್ರತಿಯೊಂದಿಗೆ ಕಾಸರಗೋಡು ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ ಹೋಗಿ, ಜಿಲ್ಲಾ ಸೈನಿಕ ಕಲ್ಯಾಣ ಅಧಿಕಾರಿಯನ್ನು ಕಂಡು, ಅವರ ಮುಖಪತ್ರದೊಂದಿಗೆ ಇನ್ನೊಮ್ಮೆ ಕಳುಹಿಸಲು ವಿನಂತಿಸಿ. ಒಬ್ಬ ಮಾಜಿ ಸೈನಿಕನ ಪತ್ರಕ್ಕೂ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗುವ ಪತ್ರಕ್ಕೂ ಸಿಗುವ ಗಮನದಲ್ಲಿ ವ್ಯತ್ಯಾಸವಿದೆ. ಇದು ನ್ಯಾಯವೆಂದು ನಾನು ಹೇಳುವುದಿಲ್ಲ, ಆದರೆ ವಾಸ್ತವ.

ಡಿಎಸ್‌ಸಿಯ ಕೇಂದ್ರವೂ ಅದರ ದಾಖಲೆ ಕಚೇರಿಯೂ ಇರುವುದು ಕಣ್ಣೂರಿನಲ್ಲಿ. ಕಾಸರಗೋಡಿನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ, ದೇಶದ ಬೇರೆ ಮೂಲೆಗಳವರಿಗೆ ಇಲ್ಲದ ಅನುಕೂಲ ನಮಗಿದೆ. ಒಂದು ದಿನ ಬೆಳಿಗ್ಗೆ ಹೊರಟು, ಮುಂದಿನ ಸೇರ್ಪಡೆ ಯಾವಾಗ, ನಿಮ್ಮ ಹೆಸರಿನ ಕಾಗದ ಅಲ್ಲಿಗೆ ತಲುಪಿದೆಯೇ ಎಂದು ವಿಚಾರಿಸಿ ಬನ್ನಿ. ಅಲ್ಲಿಗೆ ತಲುಪಿಯೇ ಇಲ್ಲವೆಂದಾದರೆ, ಕಾಗದ ಎಲ್ಲಿ ನಿಂತಿದೆ ಎಂಬುದು ಅಂದೇ ತಿಳಿಯುತ್ತದೆ.

ಇನ್ನೊಂದು ಮಾತು. ಡಿಎಸ್‌ಸಿಗೆ ಸೇರುವಾಗ ಹಳೆಯ ದರ್ಜೆಯ ಪಟ್ಟಿಗಳು ತೋಳಿನಿಂದ ಇಳಿಯುತ್ತವೆ, ಸಿಪಾಯಿಯಾಗಿಯೇ ಮತ್ತೆ ಆರಂಭಿಸಬೇಕು. ಅದಕ್ಕೆ ಮನಸ್ಸನ್ನು ಈಗಲೇ ಸಿದ್ಧಪಡಿಸಿಕೊಳ್ಳಿ. ಹಿಂದಿನ ಸೇವೆಯನ್ನು ಹೊಸ ಸೇವೆಗೆ ಸೇರಿಸಬೇಕೋ, ಇಲ್ಲವೇ ಹಳೆಯ ಪಿಂಚಣಿಯನ್ನು ಪಡೆಯುತ್ತಲೇ ಮುಂದುವರಿಯಬೇಕೋ ಎಂಬ ಆಯ್ಕೆಯನ್ನೂ ಕೇಳುತ್ತಾರೆ. ಅಲ್ಲಿ ನಿಂತು ಆತುರದಲ್ಲಿ ಸಹಿ ಹಾಕುವ ಬದಲು, ಮನೆಯಲ್ಲಿ ಕುಳಿತು ಲೆಕ್ಕ ಹಾಕಿಕೊಂಡು ಹೋಗಿ.

ಉತ್ತರ 2: ಮಂಜೇಶ್ವರದಿಂದ, ನಿವೃತ್ತ ಹವಾಲ್ದಾರ್ ಕ್ಲರ್ಕ್

ಸುಬೇದಾರ್ ಸಾಹೇಬರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಾನು ಸೇವೆಯ ಹೆಚ್ಚಿನ ಭಾಗವನ್ನು ಇಂತಹ ಕಡತಗಳ ನಡುವೆಯೇ ಕಳೆದವನು. ಮೇಜಿನ ಆಚೆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಕಡೆಯವರ ಅರ್ಜಿಗಳು ಸದ್ದಿಲ್ಲದೆ ನಿಂತುಹೋಗುವುದಕ್ಕೆ ನಾನು ಅತಿ ಹೆಚ್ಚಾಗಿ ಕಂಡ ಕಾರಣ ಹೆಸರು. ಶಾಲೆಯ ದಾಖಲೆಯಲ್ಲಿ ಮಲಯಾಳದ ಉಚ್ಚಾರಣೆಗೆ ತಕ್ಕ ಇಂಗ್ಲಿಷ್ ಅಕ್ಷರಗಳು, ಸೇನೆಗೆ ಸೇರುವಾಗ ಹಿಂದಿಯ ಗುಮಾಸ್ತನೊಬ್ಬ ಕೇಳಿಸಿಕೊಂಡಂತೆ ಬರೆದ ಅಕ್ಷರಗಳು, ಆಧಾರ್‌ನಲ್ಲಿ ಮನೆಹೆಸರು ಅಥವಾ ಜಾತಿಸೂಚಕ ಸೇರಿದ ಮೂರನೆಯ ರೂಪ! ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್ ಮತ್ತು ಪಾನ್ ಕಾರ್ಡ್‌ಗಳನ್ನು ಸಾಲಾಗಿ ಇಟ್ಟು ಹೆಸರು, ತಂದೆಯ ಹೆಸರು, ಜನ್ಮದಿನಾಂಕಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಅಫಿಡವಿಟ್ ಮಾಡಿಸಿ, ಸೈನಿಕ ಕಲ್ಯಾಣ ಕಚೇರಿಯ ಮೂಲಕವೇ ತಿದ್ದುಪಡಿಗೆ ಕಳುಹಿಸಬೇಕು. ಎರಡನೆಯ ಕಾರಣ ಹಳೆಯ ದೂರವಾಣಿ ಸಂಖ್ಯೆ. ಕೊನೆಯ ಯೂನಿಟ್ಟಿನಲ್ಲಿದ್ದಾಗ ಕೊಟ್ಟ, ಈಗ ಬಳಕೆಯಲ್ಲಿಲ್ಲದ ಸಿಮ್‌ನ ಸಂಖ್ಯೆಗೆ ಸಂದೇಶ ಹೋಗಿರುತ್ತದೆ, ಇಲ್ಲಿ ನಾವು ಉತ್ತರವೇ ಬಂದಿಲ್ಲವೆಂದು ನೊಂದುಕೊಳ್ಳುತ್ತಿರುತ್ತೇವೆ.

ಇಷ್ಟಾಗಿಯೂ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯನ್ನು ಬಳಸಿ. ಸೇನೆಗೆ ಅದು ಅನ್ವಯಿಸುವುದಿಲ್ಲವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಬಿಎಸ್‌ಎಫ್, ಸಿಆರ್‌ಪಿಎಫ್, ಅಸ್ಸಾಂ ರೈಫಲ್ಸ್‌ಗಳಿವೆಯೇ ಹೊರತು ಭೂಸೇನೆಯಿಲ್ಲ. ಶುಲ್ಕ 10 ರೂಪಾಯಿ, ಅವಧಿ 30 ದಿನ. ತಪ್ಪು ಕಚೇರಿಗೆ ಕಳುಹಿಸಿದರೂ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವ ಹೊಣೆ ಅವರದ್ದೇ. ‘ನನ್ನ ಅರ್ಜಿಗೆ ಏಕೆ ಉತ್ತರಿಸಲಿಲ್ಲ’ ಎಂದು ಮಾತ್ರ ಕೇಳಬೇಡಿ, ಏಕೆ ಎಂಬ ಪ್ರಶ್ನೆ ಮಾಹಿತಿಯಲ್ಲವೆಂದು ತಳ್ಳಿಹಾಕುತ್ತಾರೆ. ಅರ್ಜಿ ಯಾವ ದಿನ ಸ್ವೀಕೃತವಾಯಿತು, ಡೈರಿ ಸಂಖ್ಯೆ ಏನು, ಇಂದು ಯಾವ ವಿಭಾಗದಲ್ಲಿದೆ ಎಂದು ಕೇಳಿ, ಕಡತದ ಟಿಪ್ಪಣಿಗಳ ಪ್ರತಿಯನ್ನೂ ಕೋರಿ. ಕಾಗದವನ್ನು ಹುಡುಕದೆ ಇದಕ್ಕೆ ಉತ್ತರಿಸಲಾಗದು, ಹುಡುಕಿ ತೆಗೆದ ಕಾಗದ ಮತ್ತೆ ಅಡಿಗೆ ಹೋಗುವುದು ಕಡಿಮೆ.

ಭಯದ ವಿಚಾರ ಬರೆದಿದ್ದೀರಿ. ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ದಾಖಲಿಸಿದರೆ, 2024ರ ಮಾರ್ಗಸೂಚಿಯಂತೆ 21 ದಿನಗಳೊಳಗೆ ಇತ್ಯರ್ಥಪಡಿಸಬೇಕು. ಯಾರನ್ನೂ ದೂಷಿಸದೆ, ದಿನಾಂಕಗಳನ್ನು ಮಾತ್ರ ಕ್ರಮವಾಗಿ ಬರೆದ ದೂರಿನಿಂದ ಅರ್ಜಿದಾರನಿಗೆ ಕೆಡುಕಾದದ್ದನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ.

ಉತ್ತರ 3: ಪೆರ್ಲದಿಂದ, ಸೈನಿಕನ ಪತ್ನಿ

ನನ್ನ ಯಜಮಾನರು ಹೀಗೆಯೇ ಕಾಯುತ್ತಿದ್ದಾಗ, ‘ಒಳಗೆ ನಮ್ಮವರಿದ್ದಾರೆ’ ಎಂದು ಹೇಳಿಕೊಂಡು ಒಬ್ಬರು ಮನೆಗೆ ಬಂದು ಹಣ ಕೇಳಿದ್ದರು. ದಯವಿಟ್ಟು ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮೂಲ ದಾಖಲೆಗಳನ್ನಂತೂ ಯಾರ ಕೈಗೂ ಕೊಡಬೇಡಿ. ಸೇನೆಯ ಸೇರ್ಪಡೆಗೆ ಹಣ ಕೊಡುವ ಪದ್ಧತಿಯೇ ಇಲ್ಲ.

ಕಾಯುವ ಅವಧಿಯಲ್ಲಿ ಓಟವನ್ನೂ ತೂಕವನ್ನೂ ಬಿಡಬೇಡಿ ಅಣ್ಣಾ. ಊರಿಗೆ ಬಂದ ವರ್ಷದಲ್ಲಿ ಏರಿದ ರಕ್ತದೊತ್ತಡವನ್ನು ಇಳಿಸಲು ಇವರಿಗೆ ನಾಲ್ಕು ತಿಂಗಳು ಬೇಕಾಯಿತು. ಕರೆ ಬಂದಾಗ ವೈದ್ಯಕೀಯ ತಪಾಸಣೆಗೆ ಸಿಕ್ಕಿದ್ದು ಹನ್ನೆರಡೇ ದಿನ.

ಪ್ರಶ್ನಿಸಿದವರ ಮರುಪತ್ರ

ಎಲ್ಲರಿಗೂ ಕೃತಜ್ಞ. ನಿನ್ನೆ ರಾತ್ರಿ ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದೆ. ಡಿಸ್ಚಾರ್ಜ್ ಬುಕ್‌ನಲ್ಲಿ ನನ್ನ ಹೆಸರಿನ ಮುಂದೆ ಒಂದೇ ಇನಿಶಿಯಲ್ ಇದೆ, ಆಧಾರ್‌ನಲ್ಲಿ ತಂದೆಯ ಹೆಸರೂ ಮನೆಹೆಸರೂ ಪೂರ್ಣವಾಗಿವೆ. ಸೇನೆಯಲ್ಲಿದ್ದಾಗ ಕೊಟ್ಟ ದೂರವಾಣಿ ಸಂಖ್ಯೆ ಈಗ ನನ್ನದಲ್ಲ. ಸೋಮವಾರ ವಿದ್ಯಾನಗರಕ್ಕೆ, ಬುಧವಾರ ಕಣ್ಣೂರಿಗೆ ಹೋಗುವುದೆಂದು ನಿಶ್ಚಯಿಸಿದ್ದೇನೆ. ಅಫಿಡವಿಟ್ ಕನ್ನಡದಲ್ಲಿದ್ದರೆ ನಡೆಯುತ್ತದೆಯೇ?

ಉತ್ತರ 2ರವರಿಂದ

ಭಾಷಾ ಅಲ್ಪಸಂಖ್ಯಾತರಾದ ನಾವು ಇಲ್ಲಿಯ ರಾಜ್ಯ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿದೆ, ಆದ್ದರಿಂದ ಕಲ್ಯಾಣ ಕಚೇರಿಗೆ ಕೊಡುವ ವಿನಂತಿ ಪತ್ರ ಕನ್ನಡದಲ್ಲಿರಲಿ. ಅಫಿಡವಿಟ್ ಹೋಗುವುದು ಸೇನೆಯ ಕಚೇರಿಗೆ, ಅದನ್ನು ಇಂಗ್ಲಿಷಿನಲ್ಲಿ ಮಾಡಿಸಿ. ಎರಡೂ ರೂಪದ ಹೆಸರುಗಳು ಒಬ್ಬನವೇ ಎಂಬ ವಾಕ್ಯ ಅದರಲ್ಲಿ ಸ್ಪಷ್ಟವಾಗಿರಲಿ. ಎರಡು ಮೂಲಪ್ರತಿಗಳನ್ನು ಮಾಡಿಸಿ, ಒಂದನ್ನು ಬುಧವಾರ ಕಣ್ಣೂರಿಗೆ ಕೈಯಲ್ಲಿಯೇ ಒಯ್ಯಿರಿ.