ಕಂಪ್ಯೂಟರಿನ ಪ್ರೊಸೆಸರ್ ಸಾಕೆಟ್ಟಿನ ಪಿನ್ ಬಾಗಿದೆ, ಯಾರಾದರೂ ಸರಿ ಮಾಡಿಕೊಂಡದ್ದುಂಟಾ?

ಶಿರಸಿಯಿಂದ ಪ್ರಶ್ನೆ:
ಮಳೆಗಾಲ ಮುಗೀತಲ್ಲ ಅಂತ ಸಿಪಿಯು ಬಿಚ್ಚಿ ಧೂಳು ತೆಗೆದೆ. ಹಳೇ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಮೇಲಿನ ಕೂಲರಿಗೆ ದಾಟಿಸುವ ಲೇಪ) ಒರೆಸಿ ಪ್ರೊಸೆಸರ್ ವಾಪಸ್ ಕೂರಿಸುವಾಗ ಕೈ ಜಾರಿ ಅದರ ಮೂಲೆ ಸಾಕೆಟ್ ಮೇಲೆ ಬಿತ್ತು. ಇಂಟೆಲ್ 10ನೇ ತಲೆಮಾರಿನ ಐ5, ಎಲ್‌ಜಿಎ 1200 ಬೋರ್ಡು, ಅಂದರೆ ಪಿನ್ ಇರುವುದು ಬೋರ್ಡಿನ ಸಾಕೆಟ್ಟಿನಲ್ಲೇ. ನಾಲ್ಕೈದು ಪಿನ್ ಬಾಗಿದ್ದು ಬರಿಗಣ್ಣಿಗೇ ಕಾಣ್ತದೆ. ಇನ್ನೂ ಕರೆಂಟ್ ಕೊಟ್ಟಿಲ್ಲ. ಅಂಗಡಿಯವರು ನೋಡಿದ್ದೇ "ಬೋರ್ಡ್ ಹೋಯ್ತು" ಅಂದರು. ಮನೆಯಿಂದಲೇ ಕೆಲಸ, ಸೋಮವಾರ ಲಾಗಿನ್ ಆಗಬೇಕು.

ಕುಮಟಾದಿಂದ:
ಕರೆಂಟ್ ಕೊಡಲಿಲ್ಲ, ಬಚಾವಾದಿರಿ ಮಾರಾಯ್ರೆ. ಒಂದು ಪಿನ್ ಪಕ್ಕದ್ದಕ್ಕೆ ತಾಗಿಕೊಂಡಿದ್ದರೆ ಶಾರ್ಟ್ ಆಗಿ ಪ್ರೊಸೆಸರ್ರೂ ಹೋಗಬಹುದಿತ್ತು.

ನಾನೂ ಇದೇ ಕಿತಾಪತಿ ಮಾಡಿಕೊಂಡವ. ಪಿನ್ ಅಂತ ಹೆಸರೇ ಹೊರತು ಅದು ಮೊಳೆಯ ಹಾಗೆ ನೆಟ್ಟಗಿಲ್ಲ, ಓರೆಯಾಗಿ ಎದ್ದ ಪುಟ್ಟ ಸ್ಪ್ರಿಂಗು. ಹಾಗಾಗಿ ನೆಟ್ಟಗೆ ನಿಲ್ಲಿಸಲು ಹೋಗಬೇಡಿ, ಪಕ್ಕದ್ದು ಎಷ್ಟು ಓರೆಯೋ ಅಷ್ಟೇ ಓರೆ ಇರಬೇಕು. ಕೋಣೆಯ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಬದಿಯಿಂದ ಹಿಡಿಯಿರಿ. ತುದಿಗಳೆಲ್ಲ ನಟ್ಟಿ ಗದ್ದೆಯ ಸಾಲಿನ ಹಾಗೆ ಮಿಂಚುತ್ತವೆ, ಸಾಲು ಎಲ್ಲಿ ತಪ್ಪಿದೆಯೋ ಅಲ್ಲೇ ತೊಂದರೆ. ನಾಲ್ಕೂ ಬದಿಯಿಂದ ನೋಡಿ. ನನಗೆ ಮೂರು ಅಂತ ಕಂಡದ್ದು ಎಣಿಸಿದರೆ ಆರಿತ್ತು.

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಇರ್ತದಲ್ಲ, ಅದೊಂದನ್ನು ಕೇಳಿ ತಂದೆ. (ಕೊಡುವ ಮುಂಚೆ ಅವರು ಇಡೀ ಕಥೆ ಹೇಳಿಸಿಕೊಂಡರು, ಅದು ಬೇರೆ.) ಆಯುಧ ಅಂದರೆ ಅಮ್ಮನ ಹೊಲಿಗೆ ಸೂಜಿ. ಪಿನ್ನಿನ ಅಡಿಗೆ ತೂರಿಸಿ ಕೂದಲೆಳೆಯಷ್ಟು ಎತ್ತೂದು, ಬಿಟ್ಟು ನೋಡೂದು, ಮತ್ತೆ ಎತ್ತೂದು. ಆಚೆ ಈಚೆ ನಾಲ್ಕು ಸಲ ಬಗ್ಗಿಸಿದಿರೋ, ತುಂಡಾಗ್ತದೆ. ಆರು ಪಿನ್ನಿಗೆ ಎರಡು ತಾಸು ಹಿಡೀತು.

ಕಾರವಾರದಿಂದ, ರಿಪೇರಿ ಕೆಲಸದವ:
ಬೆರಳು ತಾಗಿಸಬೇಡಿ, ಜಿಡ್ಡು ಕೂರ್ತದೆ. ಪೇಸ್ಟ್ ಬಿದ್ದಿದ್ದರೆ ಬಟ್ಟೆ, ಹತ್ತಿ ಮುಟ್ಟಿಸಲೇಬೇಡಿ, ನೂಲು ಸಿಕ್ಕಿಕೊಂಡು ಇನ್ನಷ್ಟು ಪಿನ್ ಎಳೀತದೆ.

ಆನ್ ಆದ ಮೇಲೆ ರ್‍ಯಾಮ್ ಎಷ್ಟು ತೋರಿಸ್ತದೆ ನೋಡಿ. ರ್‍ಯಾಮ್ ನೋಡಿಕೊಳ್ಳುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇರೂದರಿಂದ ಒಂದು ಪಿನ್ ಸರಿಯಾಗಿ ತಾಗದಿದ್ದರೂ 16 ಜಿಬಿ ಇದ್ದದ್ದು 8 ಆಗೂದುಂಟು. ಜನ ರ್‍ಯಾಮ್ ಹಾಳಾಯ್ತು ಅಂತ ಹೊಸದು ಹಿಡಿದುಕೊಂಡು ಬರ್ತಾರೆ. ಕೂಲರಿನ ಒಂದು ಕಾಲು ಪೂರ್ತಿ ಕೂರದೇ ಒತ್ತಡ ಓರೆಯಾದರೂ ಹೀಗೇ ಆಗಬಹುದು, ಮೊದಲು ಅದನ್ನು ನೋಡಿ. ವಾರಂಟಿ ಆಸೆ ಬಿಡಿ, ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ಕೊಡೂದಿಲ್ಲ.

ಅಂಕೋಲಾದಿಂದ:
ನಂದು ತುಂಡೇ ಆಯ್ತು. ಆ ಸಾಕೆಟ್ಟಿನ ಪಿನ್ ನಕ್ಷೆ ಹುಡುಕಿ ನೋಡಿದರೆ ಅದು ಗ್ರೌಂಡ್ ಪಿನ್, ಕರೆಂಟ್ ವಾಪಸ್ ಹೋಗುವ ದಾರಿ. ಅಂಥವು ನೂರಾರು ಇರ್ತವೆ, ಒಂದು ಹೋದದ್ದು ಬೋರ್ಡಿಗೆ ಗೊತ್ತೇ ಆಗಲಿಲ್ಲ, ಈಗಲೂ ಓಡ್ತಾ ಇದೆ. ನಕ್ಷೆ ನೋಡುವಾಗ ಮೂಲೆಯ ತ್ರಿಕೋನ ಗುರುತು ತಾಳೆ ಹಾಕಿಕೊಳ್ಳಿ. ನಾನು ತಿರುಗಾಮುರುಗಾ ಹಿಡಿದು ಒಂದು ದಿನ ಸುಮ್ಮನೆ ತಲೆ ಮೇಲೆ ಕೈ ಹೊತ್ತು ಕೂತಿದ್ದೆ.

ಯಲ್ಲಾಪುರದಿಂದ:
ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದ್ದವರಿಗೆ ಇದರ ಉಲ್ಟಾ, ಪಿನ್ ಇರೂದು ಪ್ರೊಸೆಸರಿನಲ್ಲೇ. ಕೂಲರ್ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರ್ರೇ ಕಿತ್ತು ಬರ್ತು. ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಮೆಲ್ಲ ತಿರುಚಿ ಬಿಡಿಸಿ. ಬಾಗಿದರೆ 0.5 ಎಂಎಂ ಒತ್ತುವ ಪೆನ್ಸಿಲ್ಲಿನ ಕಡ್ಡಿ ತೆಗೆದು ಅದರ ಮೂತಿಯನ್ನ ಪಿನ್ನಿಗೆ ತೊಡಿಸಿ ನೇರ ಮಾಡ್ಲಕ್ಕು.

ಶಿರಸಿಯಿಂದ, ಭಾನುವಾರ ರಾತ್ರಿ:
ಐದೂ ಎದ್ದವು. ನಡುವೆ ಕರೆಂಟ್ ಹೋಯ್ತು, ಹೇಗೂ ಟಾರ್ಚಿನಲ್ಲೇ ಕೂತಿದ್ದೆ. ಡಿಸ್‌ಪ್ಲೇ ಬಂತು! ರ್‍ಯಾಮ್ ಮಾತ್ರ ಕಾರವಾರದವರು ಹೇಳಿದ ಹಾಗೇ 16ರಲ್ಲಿ 8. ಕೂಲರ್ ಸರಿ ಕೂರಿಸಿದರೂ ಅಷ್ಟೇ. ಮತ್ತೆ ಬಿಚ್ಚಿ ನೋಡಿದರೆ ಅಂಚಿನಲ್ಲಿ ಆರನೆಯದೊಂದು ತಗ್ಗಿಕೊಂಡಿದೆ. ಅದಕ್ಕೆ ಸೂಜಿ ಹಾಕುವ ಧೈರ್ಯ ಇವತ್ತಿಲ್ಲ. ಸೋಮವಾರ 8ರಲ್ಲೇ ಕಳೀಲಿ.