ಫೈಲ್ ಕಳಿಸಿದಾಗೆಲ್ಲ ನಿಂತುಹೋಗುವ ರೂಟರ್: ತುಮಕೂರು ಗುಂಪಿನ ಪ್ರಶ್ನೋತ್ತರ

ಅಶೋಕ ರಸ್ತೆ ಸ್ಟುಡಿಯೋ: ಅಣ್ಣ, ನಮಸ್ಕಾರ. ಮದುವೆ ವಿಡಿಯೋ 180 ಜಿಬಿ, ಬೆಂಗಳೂರಿನ ಎಡಿಟರ್‌ಗೆ ಟೊರೆಂಟ್‌ನಲ್ಲಿ (ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ನೇರ ಫೈಲ್ ಹಂಚೋ ವಿಧಾನ) ಕಳಿಸ್ತಾ ಇದ್ದೀನಿ. ಅರ್ಧ ಗಂಟೆ ಆದ್ಮೇಲೆ ಯಾವ ಸೈಟೂ ತೆರೆಯಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತೆ. ಮತ್ತೆ ಅದೇ ಕಥೆ. ನಾಲ್ಕು ದಿನದಿಂದ ಸುಮ್ನೆ ಇದ್ದಾಗಲೂ ಕೆಟ್ಟುಕೊಳ್ತಿದೆ. ದಯವಿಟ್ಟು ದಾರಿ ಹೇಳಿ.

ಗುಬ್ಬಿ ಮೇಷ್ಟ್ರು: ನಮ್ಮ ರೂಟರ್‌ನಲ್ಲಿ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತಿದೆ. ಏನು ಮಾಡಲಿ?

ರಿಪೇರಿ ಅಣ್ಣ, ಎಸ್.ಎಸ್. ಪುರಂ: ಮೇಷ್ಟ್ರೇ, ಅದು ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಅಂತ ಅರ್ಥ. ವೈರ್ ಎಲ್ಲೋ ಮಡಚಿರಬಹುದು ಇಲ್ಲ ಕಟ್ ಆಗಿರಬಹುದು. ನೆಟ್ ಕೊಟ್ಟವರಿಗೆ ಫೋನ್ ಮಾಡಿ. ಫೈಬರ್ ತುದಿಯನ್ನು ಕಣ್ಣಿಗೆ ನೇರ ಹಿಡಿದು ನೋಡಬೇಡಿ.

ಸ್ಟುಡಿಯೋದವರೇ, ಎರಡು ವಿಷಯ ಹೇಳಿ. ನಿಂತಾಗ ಮೊದಲೇ ನಡೀತಿದ್ದ ವಾಟ್ಸಾಪ್ ಕಾಲ್ ಕಟ್ ಆಗುತ್ತಾ, ಮುಂದುವರಿಯುತ್ತಾ? ರೂಟರ್ ಪೇಜ್‌ನಲ್ಲಿ ಅಪ್‌ಟೈಮ್, ಅಂದ್ರೆ ಆನ್ ಆಗಿ ಎಷ್ಟು ಹೊತ್ತಾಯ್ತು ಅನ್ನೋದು, ಎಷ್ಟಿದೆ?

ಕ್ಯಾತ್ಸಂದ್ರ ಹುಡುಗ: ಇದನ್ನ ಮಾಡಿ ಸರ್, ಎಲ್ಲರಿಗೂ ವರ್ಕ್ ಆಗಿದೆ. ರೂಟರ್ ಬಿಸಿಯಾದರೆ 10 ನಿಮಿಷ ಫ್ರಿಜ್‌ನಲ್ಲಿಡಿ. ಹಿಂದೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿ. ರಿಸೆಟ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಫಾರ್ವರ್ಡ್ ಮಾಡಿ.

ರಿಪೇರಿ ಅಣ್ಣ: ಇದನ್ನ ಯಾರೂ ಮಾಡಬೇಡಿ. ಫ್ರಿಜ್‌ನಿಂದ ತೆಗೆದ ತಕ್ಷಣ ಒಳಗಿನ ಬೋರ್ಡ್ ಮೇಲೆ ನೀರು ಕೂರುತ್ತೆ. ಅದರ ಮೇಲೆ ಕರೆಂಟ್ ಕೊಟ್ಟರೆ ರೂಟರ್ ಮುಗೀತು. ರಿಸೆಟ್ ಒತ್ತಿದರೆ ಕಂಪನಿಯವರು ಹಾಕಿದ ಯೂಸರ್‌ನೇಮ್, ಪಾಸ್‌ವರ್ಡ್, ಅವರ ಜಾಲಕ್ಕೆ ಸೇರಲು ಬೇಕಾದ ವಿಎಲ್‌ಎಎನ್ ನಂಬರ್ ಎಲ್ಲಾ ಅಳಿಸಿಹೋಗುತ್ತೆ. ಆಮೇಲೆ ನಿಜವಾಗಿಯೂ ನೆಟ್ ಇರಲ್ಲ.

ಅಶೋಕ ರಸ್ತೆ ಸ್ಟುಡಿಯೋ: ಕಾಲ್ ಮುಂದುವರಿಯುತ್ತೆ ಅಣ್ಣ! ಹೊಸ ಸೈಟ್ ಮಾತ್ರ ತೆರೆಯಲ್ಲ. ಅಪ್‌ಟೈಮ್ ಈಗ 11 ನಿಮಿಷ ತೋರಿಸ್ತಿದೆ. ಆದರೆ ನಾನು ಬೆಳಿಗ್ಗೆಯಿಂದ ಆಫ್ ಮಾಡಿಲ್ಲ.

ರಿಪೇರಿ ಅಣ್ಣ: ಹಾಗಾದರೆ ನಿಮಗೆ ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ. ಸಮಾಧಾನವಾಗಿ ಓದಿ.

ಮೊದಲನೆಯದು. ಮನೆಯಿಂದ ಹೊರಗೆ ಹೋಗುವ ಪ್ರತಿ ಸಂಪರ್ಕಕ್ಕೂ ರೂಟರ್ ಒಂದು ಸಾಲು ಬರೆದಿಟ್ಟುಕೊಳ್ಳುತ್ತೆ. ಮಂಡಿ ಗುಮಾಸ್ತ ಲೆಕ್ಕದ ಪುಸ್ತಕ ಬರೆದ ಹಾಗೆ. ಹಾಳೆ ತುಂಬಿದರೆ ಹೊಸಬರಿಗೆ ಜಾಗ ಇಲ್ಲ, ಹಳಬರ ವ್ಯವಹಾರ ನಡೀತಾನೇ ಇರುತ್ತೆ. ಕಾಲ್ ಉಳಿದು ಸೈಟ್ ತೆರೆಯದಿರೋದು ಇದಕ್ಕೇ. ಎಷ್ಟೋ ರೂಟರ್ ಒಳಗಿರೋದು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ. ಅದರ ಮೂಲ ಸೆಟ್ಟಿಂಗ್‌ನಲ್ಲಿ ಸರಿಯಾಗಿ ಮುಗಿಯದ ಟಿಸಿಪಿ (ಸೈಟ್ ತೆರೆಯೋಕೆ, ಫೈಲ್ ಕಳಿಸೋಕೆ ಬಳಸೋ ಒಂದು ಬಗೆ) ಸಂಪರ್ಕದ ಸಾಲು 4,32,000 ಸೆಕೆಂಡ್, ಅಂದ್ರೆ 5 ದಿನ, ಹಾಗೇ ಉಳಿಯುತ್ತೆ. ಕೆಲವು ಕಂಪನಿಗಳು ಅದನ್ನ ಇಳಿಸಿರುತ್ತವೆ, ಎಲ್ಲಾ ಅಲ್ಲ.

ಆದರೆ ಒಬ್ಬ ಎಡಿಟರ್‌ಗೆ ಕಳಿಸಿದರೆ ಪುಸ್ತಕ ತುಂಬಬಾರದು. ಆ ಕಂಪ್ಯೂಟರ್‌ನಲ್ಲಿ ಬೇರೆ ಟೊರೆಂಟ್ ಇದೆಯಾ?

ಅಶೋಕ ರಸ್ತೆ ಸ್ಟುಡಿಯೋ: ಇದೆ ಅಣ್ಣ. ನಮ್ಮ ಹುಡುಗ 14 ಸಿನಿಮಾ ಹಾಕಿದ್ದಾನೆ. ಈಗ ನೋಡಿದೆ.

ಮಂಡಿಪೇಟೆ ಅಂಗಡಿ: ಅದಕ್ಕೇ ನೋಡಿ. ಟೊರೆಂಟ್ ಅನ್ನೋದೇ ಕಳ್ಳತನ. ಈ ಗುಂಪಿನಲ್ಲಿ ಇದನ್ನ ಕೇಳಬಾರದು.

ಬಟವಾಡಿ ಇಂಜಿನಿಯರ್: ಟೊರೆಂಟ್ ಕಳ್ಳತನ ಅಲ್ಲ ಸ್ವಾಮಿ. ಉಚಿತ ಆಪರೇಟಿಂಗ್ ಸಿಸ್ಟಂ ಉಬುಂಟು ಟೊರೆಂಟ್‌ನಲ್ಲೂ ಸಿಗುತ್ತೆ, ಅವರ ಸೈಟ್‌ನಲ್ಲೇ ಲಿಂಕ್ ಇದೆ. ಬೇರೆಯವರ ಸಿನಿಮಾ ಹಂಚೋದು ತಪ್ಪು. ಎರಡನ್ನೂ ಒಂದೇ ಮಾಡಬೇಡಿ.

ಮಂಡಿಪೇಟೆ ಅಂಗಡಿ: ನಂಗೆ ಪಾಠ ಬೇಡ. ಮೇಲಿನ ಮನೆ ಬಾಡಿಗೆ ಹುಡುಗರು ನನ್ನ ವೈಫೈ ತಗೊಂಡು ಇದನ್ನೇ ಮಾಡ್ತಾರೆ. ರಾತ್ರಿ ನಮ್ಮ ಟಿವಿ ನಿಂತುಹೋಗುತ್ತೆ.

ಬಟವಾಡಿ ಇಂಜಿನಿಯರ್: ಪಾಸ್‌ವರ್ಡ್ ಕೊಟ್ಟವರು ಯಾರು? ಬಾಡಿಗೆ ಜೊತೆ ವೈಫೈಗೂ ದುಡ್ಡು ತಗೊಳ್ತೀರಲ್ವಾ?

ಮಂಡಿಪೇಟೆ ಅಂಗಡಿ: ನನ್ನ ಮನೆ ವಿಷಯ ನಿಮಗ್ಯಾಕ್ರೀ?

ಶಿರಾ ಗೇಟ್ ಅಕ್ಕ: ಎರಡು ಮಹಡಿಗೆ ಒಂದೇ ರೂಟರ್ ಸಾಕಾ? ಯಾವುದು ತಗೊಳ್ಳಲಿ?

ತಿಪಟೂರು ಸದಸ್ಯ: ಸರ್, ಎಲ್‌ಒಎಸ್ ಕೆಂಪು ಬಂದಿದೆ.

ರಿಪೇರಿ ಅಣ್ಣ: ಮೇಲೆ ಮೇಷ್ಟ್ರಿಗೆ ಹೇಳಿದ್ದೇನೆ.

ಸ್ಟುಡಿಯೋದವರೇ, ಆ ಸಿನಿಮಾಗಳನ್ನ ತೆಗೆದುಹಾಕಿ. ಒಂದೊಂದೂ ಎಷ್ಟೋ ಕಂಪ್ಯೂಟರ್‌ಗಳ ಜೊತೆ ಸಂಪರ್ಕ ಇಟ್ಟುಕೊಂಡು ಪುಸ್ತಕ ತುಂಬಿಸುತ್ತೆ. ಕೆಲಸದ ಕಂಪ್ಯೂಟರ್‌ನಲ್ಲಿ ಅವು ಇರಲೇಬಾರದು. ಟೊರೆಂಟ್ ಪ್ರೋಗ್ರಾಂನಲ್ಲಿ ಒಟ್ಟು ಸಂಪರ್ಕ 100ಕ್ಕೆ ಇಳಿಸಿ. ಡಿಎಚ್‌ಟಿ, ಅಂದ್ರೆ ಫೈಲ್ ಇರೋ ಕಂಪ್ಯೂಟರ್‌ಗಳನ್ನ ಹುಡುಕೋ ಸೆಟ್ಟಿಂಗ್, ಆಫ್ ಮಾಡಿ, ಅದೊಂದೇ ನೂರಾರು ಕಡೆ ಮಾತಾಡುತ್ತೆ. ಆಮೇಲೂ ಎಡಿಟರ್ ಸಿಗ್ತಾರಾ ನೋಡಿ, ಸಿಗದಿದ್ದರೆ ಮಾತ್ರ ಮತ್ತೆ ಆನ್ ಮಾಡಿ. ಅಪ್‌ಲೋಡ್‌ಗೂ ಮಿತಿ ಹಾಕಿ. ಲೈನ್ 40 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಇದ್ದರೆ, 8 ಬಿಟ್‌ಗೆ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿ, ಸೆಕೆಂಡಿಗೆ 5 ಎಂಬಿ ಆಗುತ್ತೆ. 4ಕ್ಕೆ ನಿಲ್ಲಿಸಿ. ಪೂರ್ತಿ ತುಂಬಿಸಿದರೆ ಡೌನ್‌ಲೋಡ್ ಕೂಡ ತೆವಳುತ್ತೆ.

ಎರಡನೆಯದು ನನಗೆ ಭಯ ಆಗ್ತಿರೋ ವಿಷಯ. ಮುಟ್ಟದೇ ಅಪ್‌ಟೈಮ್ 11 ನಿಮಿಷ ಅಂದ್ರೆ ರೂಟರ್ ತಾನೇ ಬಿದ್ದು ಎದ್ದಿದೆ. ಈಗಲೇ ಅಡಾಪ್ಟರ್ ಮುಟ್ಟಿ ನೋಡಿ. ಎಷ್ಟು ಬಿಸಿ ಇದೆ? ವಾಸನೆ ಇದೆಯಾ?

ಅಶೋಕ ರಸ್ತೆ ಸ್ಟುಡಿಯೋ: ಕೈ ಇಡಕ್ಕಾಗಲ್ಲ ಅಣ್ಣ. ಬಿಳಿ ಪ್ಲಾಸ್ಟಿಕ್ ಪಿನ್ ಹತ್ತಿರ ಕಂದು ಬಣ್ಣ ಆಗಿದೆ. ಸಣ್ಣದಾಗಿ ಕಿರ್ ಅಂತಿದೆ.

ರಿಪೇರಿ ಅಣ್ಣ: ಗೋಡೆ ಸ್ವಿಚ್ ಆಫ್ ಮಾಡಿ, ಆಮೇಲೆ ಕೀಳಿ. ಈಗಲೇ. ಉತ್ತರ ಬರೆಯೋದು ಆಮೇಲೆ.

ಅಶೋಕ ರಸ್ತೆ ಸ್ಟುಡಿಯೋ: ತೆಗೆದೆ.

ರಿಪೇರಿ ಅಣ್ಣ: ಸರಿ. ಹೋದ ವಾರ ನನ್ನ ಮೇಜಿಗೆ ಇಂಥದ್ದೇ ಒಂದು ಬಂದಿತ್ತು. ಬರೀ ಅಡಾಪ್ಟರ್‌ಗೆ ಮೀಟರ್ ಹಿಡಿದರೆ 12.1 ವೋಲ್ಟ್, ಚೆನ್ನಾಗೇ ಇದೆ ಅನ್ನಿಸುತ್ತೆ. ರೂಟರ್ ಸಿಕ್ಕಿಸಿ ಫೈಲ್ ಓಡಿಸಿದರೆ 9ಕ್ಕೆ ಇಳೀತು, ದೀಪ ಎಲ್ಲಾ ಆರಿ ಮತ್ತೆ ಹತ್ತಿತು. ಬಿಚ್ಚಿ ನೋಡಿದೆ. ವೋಲ್ಟ್ ಏರಿಳಿಯದಂತೆ ಹಿಡಿಯೋ ಪುಟ್ಟ ಡಬ್ಬಿ, ಕೆಪಾಸಿಟರ್, ಅದರ ತಲೆ ಚಪ್ಪಟೆ ಇರಬೇಕು, ಉಬ್ಬಿತ್ತು. ಬುಡದಲ್ಲಿ ಕಂದು ಅಂಟು ಸೋರಿತ್ತು. ರೂಟರ್‌ಗೆ ಏನೂ ಆಗಿರಲಿಲ್ಲ.

ಹೊಸ ಅಡಾಪ್ಟರ್ ತಗೊಳ್ಳೋ ಮುಂಚೆ ರೂಟರ್ ತಳದ ಚೀಟಿ ಓದಿ. ವೋಲ್ಟ್ ಅಷ್ಟೇ ಇರಬೇಕು. ಆಂಪ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಪ್ಲಸ್, ಮೈನಸ್ ಗುರುತೂ ಹೊಂದಬೇಕು.

ಕ್ಯಾತ್ಸಂದ್ರ ಹುಡುಗ: ನಂದು 9 ವೋಲ್ಟ್ ರೂಟರ್. ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್ ಹಾಕಿದರೆ ಸ್ಪೀಡ್ ಬರುತ್ತೆ ಅಂತ ಇನ್ನೊಂದು ಗುಂಪಲ್ಲಿ ಬಂದಿದೆ.

ರಿಪೇರಿ ಅಣ್ಣ: ಸುಟ್ಟುಹೋಗಬಹುದು. ಓದದೇ ಫಾರ್ವರ್ಡ್ ಮಾಡೋದು ನಿಲ್ಲಿಸಪ್ಪ. ಯಾರದೋ ಮನೆಯಲ್ಲಿ ಬೆಂಕಿ ಹತ್ತುತ್ತೆ.

ಕ್ಯಾತ್ಸಂದ್ರ ಹುಡುಗ: ಕೇಳಿದ್ದಕ್ಕೆ ಯಾಕೆ ಬೈತೀರಿ?

ಮಂಡಿಪೇಟೆ ಅಂಗಡಿ: ನನ್ನ ಟಿವಿ ವಿಷಯ ಯಾರೂ ಹೇಳಲೇ ಇಲ್ಲ.

ಅಶೋಕ ರಸ್ತೆ ಸ್ಟುಡಿಯೋ: ಅಣ್ಣ, ಬಿ.ಎಚ್. ರಸ್ತೆಯಲ್ಲಿ 12 ವೋಲ್ಟ್ 2 ಆಂಪ್ ತಂದೆ. ಎರಡು ಗಂಟೆಯಿಂದ ಫೈಲ್ ಹೋಗ್ತಿದೆ, ಸೈಟೂ ತೆರೀತಿದೆ. ಅಡಾಪ್ಟರ್ ಬೆಚ್ಚಗಿದೆ ಅಷ್ಟೇ.

ರಿಪೇರಿ ಅಣ್ಣ: ರಾತ್ರಿ ಮಲಗೋ ಮುಂಚೆ ಅಪ್‌ಟೈಮ್ ಬರೆದಿಡಿ, ಬೆಳಿಗ್ಗೆ ಮತ್ತೆ ನೋಡಿ. ಹಳೇ ಅಡಾಪ್ಟರ್ ಯಾರಿಗೂ ಕೊಡಬೇಡಿ, ನನ್ನ ಹತ್ತಿರ ತನ್ನಿ.

ತಿಪಟೂರು ಸದಸ್ಯ: ಸರ್, ಎಲ್‌ಒಎಸ್ ಇನ್ನೂ ಕೆಂಪಗೇ ಇದೆ.